ನಿಮ್ಮ ಕೈಗೆ ನೀವೇ ಜವಾಬ್ದಾರರು

1/8

ಹೈ ಕಿಕ್ ಫೋಟೋ ಹಾಕಿದ್ರೆ ಲೈಕ್ ಜಾಸ್ತಿ ಬರುತ್ತೆ, ಗೊತ್ತು. ಆದ್ರೂ ಇವತ್ತು ಹಾಕಿರೋದು ಎರಡು ಕೈಗಳ ಫೋಟೋ ಮಾತ್ರ. ಬೆರಳಿನ ಗೆಣ್ಣು ಸ್ವಲ್ಪ ದಪ್ಪ ಆಗಿದೆ, ಉಗುರು ಮೋಟಾಗಿ ಕತ್ತರಿಸಿದೆ. ಅಷ್ಟೇ ವಿಶೇಷ. ಈ ಸರಣಿ ಪೂರ್ತಿ ಇಂಥ ಕೈಗಳ ಬಗ್ಗೆ.

ಕರಾಟೆ, ಜೂಡೋ, ಕುಸ್ತಿ, ಟೇಕ್ವಾಂಡೋ, ನೀವು ಏನೇ ಕಲೀತಿರಿ, ಅಥವಾ ಕಲಿಯೋಣ ಅಂತ ಯೋಚಿಸ್ತಿರಿ, ಈ ಮಾತು ನಿಮಗೆ. ನನ್ನ ಇನ್‌ಬಾಕ್ಸ್‌ಗೆ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ ತರ. ಒಂದು, "ಬ್ಲ್ಯಾಕ್ ಬೆಲ್ಟ್ ಆಗೋಕೆ ಎಷ್ಟು ವರ್ಷ ಬೇಕು?" ಇನ್ನೊಂದು, "ಒಂದೇ ಏಟಿಗೆ ಬೀಳಿಸೋ ಟೆಕ್ನಿಕ್ ಯಾವುದು?" ಎರಡೂ ತಪ್ಪು ಪ್ರಶ್ನೆ ಅಲ್ಲ. ಆದ್ರೆ ಮೂರನೇದೊಂದು ಪ್ರಶ್ನೆ ಇದೆ, ಅದನ್ನ ಯಾರೂ ಕೇಳಲ್ಲ: "ಒಂದೇ ಏಟಿಗೆ ಬಿದ್ದವನು ಮತ್ತೆ ಏಳದಿದ್ರೆ ಯಾರು ಹೊಣೆ?"

ಉತ್ತರ ಒಂದೇ ಪದ. ನೀವು.

ಸೆನ್ಸೈ ಅಲ್ಲ, ವಿಡಿಯೋ ಹಾಕಿದ ಯೂಟ್ಯೂಬರ್ ಅಲ್ಲ, "ಹೊಡಿ ಮಗಾ" ಅಂತ ಹಿಂದಿನಿಂದ ಕೂಗಿದ ಗೆಳೆಯ ಅಂತೂ ಖಂಡಿತ ಅಲ್ಲ. ನನ್ನ ಅಭಿಪ್ರಾಯ ಇಷ್ಟು: ಹೊಡೆಯೋದನ್ನ ಕಲಿತಷ್ಟೂ ನಿಮ್ಮ ಅಧಿಕಾರ ಬೆಳೆಯಲ್ಲ, ನಿಮ್ಮ ಹೊಣೆ ಬೆಳೆಯುತ್ತೆ. ಆ ಹೊಣೆ ಹೊರೋಕೆ ಬೇಕಾಗಿರೋ ಮೊದಲ ಟೆಕ್ನಿಕ್ಕೇ ವಿನಯ. ವಿನಯ ಅಂದ ಕೂಡಲೇ ನೀತಿಪಾಠ ಶುರು ಅಂತ ಸ್ವೈಪ್ ಮಾಡ್ಬೇಡಿ. ನಾನು ಹೇಳ್ತಿರೋ ವಿನಯ ಮೂಳೆ ಮುರಿಯದ ಹಾಗೆ ಕಾಯೋ ವಿನಯ. ತೀರಾ ಬೋರಾದ್ರೆ 6ನೇ ಪೋಸ್ಟ್ ಮಾತ್ರ ಆದ್ರೂ ಓದಿ, ಅಲ್ಲಿ ಕಾನೂನು ಇದೆ.

2/8

ಜೂಡೋ ಕ್ಲಾಸಿಗೆ ಹೊಸದಾಗಿ ಸೇರಿದವರು ಮೊದಲ ವಾರ ನಿರಾಶರಾಗ್ತಾರೆ. ಎತ್ತಿ ಬಿಸಾಡೋದು ಕಲೀಬಹುದು ಅಂತ ಬಂದಿರ್ತಾರೆ. ಅವರಿಗೆ ಕಲಿಸೋದು ಬೀಳೋದನ್ನ. ಗದ್ದ ಎದೆ ಕಡೆಗೆ, ತಲೆ ನೆಲಕ್ಕೆ ತಾಗಬಾರದು, ಕೈ ಮ್ಯಾಟ್‌ಗೆ ಬಡೀಬೇಕು. ಇದಕ್ಕೆ ಉಕೆಮಿ ಅಂತಾರೆ. ನೂರು ಸಲ ಬೀಳಿ, ಆಮೇಲೆ ಮಾತಾಡೋಣ.

ಇದನ್ನ ಕಟ್ಟಿದ ಮನುಷ್ಯ ಜಿಗೊರೊ ಕಾನೋ. 1860ರಲ್ಲಿ ಹುಟ್ಟಿದವರು. ಸಣ್ಣ ಮೈಕಟ್ಟಿನ ಹುಡುಗ, ಗಟ್ಟಿಮುಟ್ಟಾದ ಸಹಪಾಠಿಗಳ ಕಾಟ ತಡೀಲಾರದೆ ಜುಜುತ್ಸು ಕಲಿಯೋಕೆ ಹೋದವರು. ಅಂಥವರು ಮುಂದೆ ಸೇಡಿನ ಕಲೆ ಕಟ್ಟಬಹುದಿತ್ತು. ಆದ್ರೆ 1882ರಲ್ಲಿ ಟೋಕಿಯೋದ ಒಂದು ದೇವಾಲಯದ ಸಣ್ಣ ಜಾಗದಲ್ಲಿ ಅವರು ಶುರು ಮಾಡಿದ ಕೊಡೊಕಾನ್ ಶಾಲೆಯ ತತ್ವ ಎರಡು: ಶಕ್ತಿಯನ್ನ ಅತ್ಯುತ್ತಮವಾಗಿ ಬಳಸೋದು, ಮತ್ತು ನಾನೂ ನೀನೂ ಒಟ್ಟಿಗೇ ಏಳಿಗೆಯಾಗೋದು. ಎರಡನೇದನ್ನ ಜಪಾನಿಯಲ್ಲಿ ಜಿತಾ ಕ್ಯೋಎಯಿ ಅಂತಾರೆ.

ಇದು ಗೋಡೆ ಮೇಲೆ ಬರೆದಿಡೋ ಸುಭಾಷಿತ ಅಲ್ಲ, ಕ್ಲಾಸಿನಲ್ಲಿ ಪ್ರತಿ ನಿಮಿಷ ನಡೆಯೋ ಲೆಕ್ಕ. ಯೋಚನೆ ಮಾಡಿ. ನೀವು ಮೊಣಕೈ ಲಾಕ್ ಅಭ್ಯಾಸ ಮಾಡ್ಬೇಕಾದ್ರೆ ಯಾರೋ ಒಬ್ಬರು ತಮ್ಮ ಮೊಣಕೈಯನ್ನ ನಿಮ್ಮ ಕೈಗೆ ಕೊಡ್ಬೇಕು. ಕುತ್ತಿಗೆ ಬಿಗಿಯೋ ಪಟ್ಟು ಕಲೀಬೇಕಾದ್ರೆ ಯಾರೋ ತಮ್ಮ ಕುತ್ತಿಗೆಯನ್ನೇ ಕೊಡ್ಬೇಕು. ಕತ್ತಿನ ರಕ್ತನಾಳ ಸರಿಯಾಗಿ ಒತ್ತಿದ್ರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತೆ. ಅಷ್ಟು ನಂಬಿ ನಿಮಗೆ ಮೈ ಸಾಲ ಕೊಟ್ಟಿದಾರೆ. ಸಾಲ ತಗೊಂಡ ವಸ್ತು ಹೇಗಿತ್ತೋ ಹಾಗೇ ವಾಪಸ್ ಕೊಡ್ಬೇಕು ತಾನೇ?

ಆ ನಂಬಿಕೆಗೆ ಇರೋ ಒಂದೇ ಬೀಗದ ಕೈ ಟ್ಯಾಪ್. ಎರಡು ಸಲ ತಟ್ಟಿದ್ರೆ "ಸಾಕು" ಅಂತ ಅರ್ಥ. ತಟ್ಟೋರಿಗೆ ವಿನಯ ಬೇಕು: ಸೋತೆ ಅಂತ ಒಪ್ಪಿಕೊಳ್ಳೋ ವಿನಯ. ಬಿಡೋರಿಗೆ ಹೊಣೆ ಬೇಕು: ತಟ್ಟಿದ ಕ್ಷಣವೇ ಬಿಡೋ ಹೊಣೆ. ಗೆಲ್ಲೋ ಹುರುಪಿನಲ್ಲಿ ಅರ್ಧ ಸೆಕೆಂಡ್ ತಡ ಮಾಡಿದ್ರೆ ಇನ್ನೊಬ್ಬರ ಒಂದು ಸೆಮಿಸ್ಟರ್ ಹೋಗುತ್ತೆ. ಮೊದಲ ಫೋಟೋದಲ್ಲಿ ಉಗುರು ಮೋಟಾಗಿತ್ತಲ್ಲ, ಅದು ನನ್ನ ಅಂದಕ್ಕಲ್ಲ, ಎದುರಿಗಿರೋರ ಚರ್ಮಕ್ಕೆ.

3/8

ಈಗ ಬೆಲ್ಟ್ ವಿಷಯ.

ಒಂದು ಕಥೆ ನೀವೂ ಕೇಳಿರ್ತೀರಿ. ಹಿಂದಿನ ಕಾಲದಲ್ಲಿ ಬೆಲ್ಟ್ ಒಗೀತಾನೇ ಇರಲಿಲ್ವಂತೆ, ವರ್ಷಗಟ್ಟಲೆ ಬೆವರು, ಮಣ್ಣು ಹತ್ತಿ ಬಿಳಿ ಬೆಲ್ಟ್ ತಾನಾಗೇ ಕಪ್ಪಾಗ್ತಿತ್ತಂತೆ. ಕೇಳೋಕೆ ಚೆಂದ, ಆದ್ರೆ ಅದು ಬರೀ ಕಥೆ. ಕಪ್ಪು ಬೆಲ್ಟ್ ಬಂದಿದ್ದು ಕಾನೋ ಅವರ ಶಾಲೆಯಿಂದ, 1880ರ ದಶಕದಲ್ಲಿ, 'ದಾನ್' ದರ್ಜೆ ಪಡೆದವರನ್ನ ಉಳಿದವರಿಂದ ಬೇರೆಯಾಗಿ ಗುರುತಿಸೋಕೆ. ಹಳದಿ, ಕಿತ್ತಳೆ, ಹಸಿರು ಅಂತ ಈಗ ನಾವು ಕಟ್ಟೋ ಬಣ್ಣಗಳ ಸಾಲು ಇನ್ನೂ ತಡವಾಗಿ, 20ನೇ ಶತಮಾನದಲ್ಲಿ, ಯುರೋಪಿನ ಜೂಡೋ ಕ್ಲಬ್‌ಗಳ ಮೂಲಕ ಹರಡಿತು. ಕರಾಟೆಯವರು ಬೆಲ್ಟ್ ಪದ್ಧತಿಯನ್ನ ಜೂಡೋದಿಂದಲೇ ತಗೊಂಡ್ರು.

ಕಥೆಗಿಂತ ಚೆಂದ ಇರೋದು ಆ ದರ್ಜೆಯ ಹೆಸರು. ಮೊದಲ ಬ್ಲ್ಯಾಕ್ ಬೆಲ್ಟ್‌ಗೆ ಶೋದಾನ್ ಅಂತಾರೆ. 'ಶೋ' ಅಂದ್ರೆ ಆರಂಭ, 'ದಾನ್' ಅಂದ್ರೆ ಮೆಟ್ಟಿಲು. ಆರಂಭದ ಮೆಟ್ಟಿಲು! ನಾವು ಶಿಖರ ಅಂದ್ಕೊಂಡಿರೋದಕ್ಕೆ ಅದನ್ನ ಮಾಡಿದವರು ಇಟ್ಟಿರೋ ಹೆಸರು 'ಬಾಗಿಲು'. ಎಸ್ಸೆಸ್ಸೆಲ್ಸಿ ಪಾಸಾದವರು "ನಂದು ಓದು ಮುಗೀತು" ಅಂದ ಹಾಗೆ ಆಯ್ತು ನಮ್ಮ ಕಥೆ.

ಹಾಗಂತ ಬೆಲ್ಟ್ ಬೇಡ ಅಂತಲ್ಲ. ನಮ್ಮೂರಿನ ಹುಡುಗ ಹುಡುಗಿಯರು ಟ್ಯೂಷನ್, ಬಸ್ಸು, ಮನೆಗೆಲಸ ಎಲ್ಲದರ ಮಧ್ಯೆ ಬೆಳಗ್ಗೆ ಐದೂವರೆಗೆ ಎದ್ದು ಬಂದು ಗಳಿಸಿದ ಬೆಲ್ಟ್ ಅದು. ಹೆಮ್ಮೆ ಪಡಿ, ಫೋಟೋ ಹಾಕಿ, ಅಮ್ಮನಿಗೆ ತೋರಿಸಿ. ಆದ್ರೆ ಬೆಲ್ಟ್ ಹೇಳೋದು ನೀವು ಕಲಿತಿದ್ದನ್ನ ಮಾತ್ರ, ನೀವು ಯಾರಿಗಿಂತ ಮೇಲು ಅಂತಲ್ಲ. ಬಿಳಿ ಬೆಲ್ಟಿನವರ ಜೊತೆ ಒಬ್ಬರು ಹೇಗೆ ಅಭ್ಯಾಸ ಮಾಡ್ತಾರೆ ಅಂತ ನೋಡಿ, ಅವರ ನಿಜವಾದ ದರ್ಜೆ ಅಲ್ಲೇ ಗೊತ್ತಾಗುತ್ತೆ.

4/8

ನನ್ನ ಪ್ರಕಾರ ವಿನಯ ಅಂದ್ರೆ ತಲೆ ತಗ್ಗಿಸೋದಲ್ಲ. ವಿನಯ ಅಂದ್ರೆ ಅಳತೆ. ನನಗೆ ಎಷ್ಟು ಬರುತ್ತೆ, ಎಷ್ಟು ಬರಲ್ಲ ಅಂತ ಸರಿಯಾಗಿ ಗೊತ್ತಿರೋದು.

ಈ ಅಳತೆ ತಪ್ಪಿದ್ರೆ ಏನಾಗುತ್ತೆ ನೋಡಿ. ಕಾಲೇಜಿನಲ್ಲಿ ಹತ್ತು ದಿನದ ಸ್ವರಕ್ಷಣೆ ಶಿಬಿರ ನಡೆಯುತ್ತೆ. ಕೊನೇ ದಿನ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಶಿಬಿರ ಒಳ್ಳೇದೇ. ಗಟ್ಟಿಯಾಗಿ ಕೂಗೋದು, ದೂರ ಕಾಯ್ದುಕೊಳ್ಳೋದು, ಹಿಡಿತ ಬಿಡಿಸ್ಕೊಂಡು ಓಡೋದು, ಇಷ್ಟು ಕಲಿತರೂ ಲಾಭವೇ. ಆದ್ರೆ ಅಲ್ಲಿ ನಿಮ್ಮ ಮುಂಗೈ ಹಿಡಿದವರು ನಿಮ್ಮ ಸ್ನೇಹಿತೆ. ನೀವು ಕೈ ತಿರುಗಿಸ್ತೀರಿ ಅಂತ ಅವಳಿಗೆ ಮೊದಲೇ ಗೊತ್ತು. ಮೆಲ್ಲಗೆ ಹಿಡಿದು, ಮೆಲ್ಲಗೆ ಬಿಡ್ತಾಳೆ. ರಸ್ತೆಯಲ್ಲಿ ಹಿಡಿಯೋನು ಮೆಲ್ಲಗೆ ಹಿಡಿಯಲ್ಲ, ಒಬ್ಬನೇ ಬಂದಿರ್ತಾನೆ ಅನ್ನೋ ಗ್ಯಾರಂಟಿ ಇಲ್ಲ, ನಿಮ್ಮ ಕಾಲಡಿ ಮ್ಯಾಟ್ ಇರಲ್ಲ.

ಚಾಕು ಕಿತ್ತುಕೊಳ್ಳೋ ರೀಲ್ಸ್ ಅಂತೂ ಕೇಳಲೇಬೇಡಿ. ರೀಲ್‌ನಲ್ಲಿ ಚಾಕು ಹಿಡಿದವನು ಕೈ ಚಾಚಿ ಪ್ರತಿಮೆ ತರ ನಿಂತಿರ್ತಾನೆ, ಹೀರೋ ಮೂರು ಸ್ಟೆಪ್‌ನಲ್ಲಿ ಕಿತ್ಕೊಳ್ತಾನೆ. ನಿಜದಲ್ಲಿ ಕೈ ಹೋಗಿ ಬಂದು ಹೋಗಿ ಬಂದು ಮಾಡುತ್ತೆ. ನಂಬಿಕೆ ಇಲ್ಲ ಅಂದ್ರೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಹಳೇ ಬಿಳಿ ಬನಿಯನ್ ಹಾಕ್ಕೊಳ್ಳಿ, ತಂಗಿ ಕೈಗೆ ಮುಚ್ಚಳ ತೆಗೆದ ಒಂದು ಸ್ಕೆಚ್ ಪೆನ್ ಕೊಡಿ. ಮುಖಕ್ಕೆ ಬೇಡ, ಹೊಟ್ಟೆ ಮತ್ತು ಕೈಗೆ ಮಾತ್ರ ಗೀಚು ಅಂತ ಹೇಳಿ, ನೀವು ತಡೀರಿ. ಅರ್ಧ ನಿಮಿಷ ಸಾಕು. ಆಮೇಲೆ ಬನಿಯನ್ ಮೇಲಿನ ಗೆರೆ ಎಣಿಸಿ. ಪ್ರತಿ ಗೆರೆಯೂ ಒಂದು ಗಾಯ. ಅವತ್ತಿನಿಂದ ಫೋನು, ಪರ್ಸು ಕೇಳಿದವರಿಗೆ ಕೊಟ್ಟು ಕಳಿಸೋದು ಹೇಡಿತನ ಅಂತ ನಿಮಗೆ ಅನ್ನಿಸಲ್ಲ.

ಅಳತೆ ಗೊತ್ತಿದ್ದವರು ಓಡ್ತಾರೆ. ಓಡಿದವರು ಮನೆಗೆ ಬರ್ತಾರೆ. ಸ್ವರಕ್ಷಣೆ ಅನ್ನೋ ಪದದಲ್ಲಿ ಇರೋದು 'ರಕ್ಷಣೆ', ಗೆಲುವಲ್ಲ.

5/8

ಹೊಡೆಯೋ ಕಲೆಯಲ್ಲಿ ನಿಜವಾಗಿ ಕಷ್ಟ ಇರೋದು ಎರಡೇ ಕಡೆ. ಯಾವಾಗ ಶುರು ಮಾಡಬಾರದು, ಯಾವಾಗ ನಿಲ್ಲಿಸಬೇಕು.

ಶುರುವಿನ ಪಾಠಕ್ಕೆ ಕರಾಟೆ ನೋಡಿ. ಓಕಿನಾವಾ ದ್ವೀಪದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಪ್ರದರ್ಶನ ಕೊಟ್ಟ ಮೇಲೆ ಕರಾಟೆ ಜಪಾನಿನ ಮುಖ್ಯ ಭೂಭಾಗದಲ್ಲಿ ಹರಡಿತು. ಅವರು ವೃತ್ತಿಯಿಂದ ಶಾಲಾ ಮೇಷ್ಟ್ರು. ಕರಾಟೆ ಕಲಿತವನು ಮೊದಲು ಕೈ ಎತ್ತಬಾರದು ಅನ್ನೋದು ಅವರು ಶಿಷ್ಯರಿಗೆ ಕೊಟ್ಟ ನಿಯಮಗಳಲ್ಲಿ ಮುಖ್ಯವಾದದ್ದು. ಶೋಟೋಕಾನ್ ಕಲಿಯೋರು ನಿಮ್ಮ ಮೊದಲ ಕಾತಾ ಹೇಯಾನ್ ಶೋದಾನ್ ನೆನಪಿಸಿಕೊಳ್ಳಿ. ಮೊದಲ ಚಲನೆ ಏನು? ಗೆದಾನ್ ಬರಾಯ್, ಅಂದ್ರೆ ಕೆಳಗೆ ಬಂದ ಏಟನ್ನ ತಡೆಯೋದು. ನಾವು ಸಾವಿರ ಸಲ ಮಾಡಿದೀವಿ, ಅದು ಏನು ಹೇಳ್ತಿದೆ ಅಂತ ಕೇಳಿಸಿಕೊಂಡಿದ್ದು ಎಷ್ಟು ಸಲ?

"ಅವನು ಬೈದ, ಅದಕ್ಕೆ ಹೊಡೆದೆ" ಅನ್ನೋದು ಆ ಲೆಕ್ಕದಲ್ಲಿ ಮೊದಲ ಏಟೇ. ಬೈಗುಳ ಮೂಳೆ ಮುರಿಯಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ನಮ್ಮಜ್ಜಿಯರು ಸುಮ್ಮನೆ ಹೇಳಿದ್ದಲ್ಲ. ಪಾರ್ಕಿಂಗ್‌ನಲ್ಲಿ "ಸಾರಿ ಬಾಸ್, ನಂದೇ ತಪ್ಪು" ಅಂದು ಬೈಕ್ ತಿರುಗಿಸೋಕೆ ಎಷ್ಟು ಧೈರ್ಯ ಬೇಕು ಅಂತ ಹೊಡೆದಾಡೋರಿಗೆ ಗೊತ್ತಾಗಲ್ಲ.

ನಿಲ್ಲಿಸೋ ಪಾಠಕ್ಕೆ ಜಪಾನ್ ತನಕ ಹೋಗೋದೇ ಬೇಡ, ಮೈಸೂರಿಗೆ ಬನ್ನಿ. ವಿಜಯದಶಮಿ ದಿನ ಜಂಬೂ ಸವಾರಿಗೆ ಮೊದಲು ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಯಲ್ಲಿ ಮುಳ್ಳಿನಂಥ ಮೊನೆಯ ಆಯುಧ. ಮೈ ಜುಂ ಅನ್ನುತ್ತೆ. ಆದ್ರೆ ನಿಯಮ ನೋಡಿ: ಒಬ್ಬರ ತಲೆಯಲ್ಲಿ ರಕ್ತ ಕಾಣಿಸಿದ ಕೂಡಲೇ ಕಾಳಗ ಮುಗೀತು. ಎರಡನೇ ಏಟಿಲ್ಲ, "ಇನ್ನೊಂದು ಕೊಡ್ತೀನಿ" ಅನ್ನೋದಿಲ್ಲ. ಅಷ್ಟು ಉಗ್ರವಾದ ಕಾಳಗಕ್ಕೂ ಅಷ್ಟು ಸ್ಪಷ್ಟವಾದ ಗೆರೆ. ಮಟ್ಟಿ ಕುಸ್ತಿಯಲ್ಲೂ ಅಷ್ಟೇ, ಬೆನ್ನು ಮಣ್ಣಿಗೆ ತಾಗಿ ಚಿತ್ ಆದ ಮೇಲೆ ಗೆದ್ದವನು ಕೈ ತೆಗೀಬೇಕು. ಗರಡಿಗೆ ಬರೋನು ಮೊದಲು ಮಣ್ಣು ಮುಟ್ಟಿ ನಮಸ್ಕಾರ ಮಾಡ್ತಾನೆ. ಇವತ್ತು ಅದರ ಮೇಲೆ ನಿಂತವನು ನಾಳೆ ಅದರ ಮೇಲೇ ಬೀಳೋನು ಅಂತ ಅವನಿಗೆ ಗೊತ್ತು.

6/8

ಈಗ ಕಾನೂನು. ಇದನ್ನ ಸೇವ್ ಮಾಡ್ಕೊಳ್ಳಿ.

2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಖಾಸಗಿ ರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಕಲಂವರೆಗೆ ಇದೆ. ನಿಮ್ಮ ದೇಹವನ್ನ ಮಾತ್ರ ಅಲ್ಲ, ಬೇರೆಯವರ ದೇಹವನ್ನ ಕಾಪಾಡೋ ಹಕ್ಕೂ ನಿಮಗಿದೆ. ಕೊಲೆ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭದಲ್ಲಿ ಈ ಹಕ್ಕು ತುಂಬಾ ದೂರ ಹೋಗುತ್ತೆ, ದಾಳಿ ಮಾಡಿದವನ ಪ್ರಾಣ ಹೋದ್ರೂ ಅದು ಅಪರಾಧ ಆಗದಿರಬಹುದು. ಅಪಾಯದಲ್ಲಿರೋರು ತಕ್ಕಡಿ ಹಿಡಿದು ತೂಗಿ ಹೊಡೀಬೇಕು ಅಂತ ನಮ್ಮ ನ್ಯಾಯಾಲಯಗಳೂ ಹೇಳಲ್ಲ. ಆದ್ದರಿಂದ ನಿಜವಾದ ಅಪಾಯ ಬಂದಾಗ ಕೇಸಿಗೆ ಹೆದರಿ ಕೈ ಕಟ್ಟಿ ಕೂರ್ಬೇಡಿ.

ಆದ್ರೆ ಗೆರೆಗಳಿವೆ. 40ನೇ ಕಲಂ ಪ್ರಕಾರ ಈ ಹಕ್ಕು ಶುರುವಾಗೋದು ಅಪಾಯದ ಸಕಾರಣ ಭಯ ಹುಟ್ಟಿದಾಗ, ಇರೋದು ಆ ಭಯ ಇರೋವರೆಗೆ ಮಾತ್ರ. 37ನೇ ಕಲಂ ಪ್ರಕಾರ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚಿನ ಹಾನಿ ಮಾಡೋ ಹಾಗಿಲ್ಲ, ಪೊಲೀಸರ ನೆರವು ಪಡೆಯೋಕೆ ಸಮಯ ಇದ್ದಾಗ ಈ ಹಕ್ಕೇ ಇಲ್ಲ. ಬಿಡಿಸಿ ಹೇಳ್ತೀನಿ. ಅವನು ಹೊಡೆಯೋಕೆ ಬಂದ, ನೀವು ತಳ್ಳಿದ್ರಿ, ಬಿದ್ದ: ರಕ್ಷಣೆ. ಬಿದ್ದವನ ಮೇಲೆ ನಾಲ್ಕು ಒದ್ರಿ: ಹಲ್ಲೆ. ಮಾರನೇ ದಿನ ಹುಡುಗರನ್ನ ಕರ್ಕೊಂಡು ಹೋಗಿ "ವಿಚಾರಿಸಿದ್ರಿ": ಅದಕ್ಕೆ ರಕ್ಷಣೆ ಅನ್ನೋ ಹೆಸರೇ ಇಲ್ಲ.

ಹಲ್ಲೆಯ ಬೆಲೆ? ಸಾಮಾನ್ಯ ಗಾಯಕ್ಕೆ 115ನೇ ಕಲಂ: ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತೀವ್ರ ಗಾಯಕ್ಕೆ 117ನೇ ಕಲಂ: ಏಳು ವರ್ಷದವರೆಗೆ. ತೀವ್ರ ಗಾಯ ಅಂದ್ರೆ ಏನೋ ಭಯಂಕರ ಅಂದ್ಕೋಬೇಡಿ. 116ನೇ ಕಲಂ ಪಟ್ಟಿಯಲ್ಲಿ ಮೂಳೆ ಮುರಿತದ ಜೊತೆಗೆ ಹಲ್ಲು ಮುರಿಯೋದೂ ಇದೆ. ಒಂದು ಹಲ್ಲು! ಒಂದು ಪಂಚ್‌ಗೆ ಬೀಳೋ ವಸ್ತು ಅದು. ಇನ್ನು ಪಂಚ್ ತಿಂದವನು ಹಿಂದಕ್ಕೆ ಬಿದ್ದು ತಲೆ ಕಾಂಕ್ರೀಟ್‌ಗೆ ಬಡಿದ್ರೆ, ಮುಂದಿನ ಕಲಂಗಳ ಹೆಸರು ನಾನು ಬರೆಯಲ್ಲ. ಅವನಿಗೆ ಉಕೆಮಿ ಬರಲ್ಲ, ಅದು ಕಲಿತಿರೋದು ನೀವು.

ಕೇಸ್ ಬಾಕಿ ಇದ್ರೆ ಪಾಸ್‌ಪೋರ್ಟ್‌ಗೆ ತೊಡಕು, ಕೆಲಸದ ವೆರಿಫಿಕೇಷನ್‌ಗೆ ತೊಡಕು. ಒಂದು ಸೆಕೆಂಡಿನ ಸಿಟ್ಟಿಗೆ ಅಪ್ಪ ಅಮ್ಮ ಕೋರ್ಟ್ ಮೆಟ್ಟಿಲ ಮೇಲೆ ಕಳೆಯೋ ವರ್ಷಗಳನ್ನ ಯಾವ ರೀಲ್ ಕೂಡ ತೋರಿಸಲ್ಲ.

7/8

ಇದು ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪೋಸ್ಟ್. ನಿಧಾನವಾಗಿ ಓದಿ.

ವೈಯಕ್ತಿಕ ಜವಾಬ್ದಾರಿ ಅಂತ ಇಷ್ಟು ಹೊತ್ತು ಹೇಳಿದೆ. ಆ ಪದವನ್ನೇ ಕೆಲವರು ತಲೆಕೆಳಗೆ ಮಾಡಿ ಬಳಸ್ತಾರೆ. ಯಾರಿಗೋ ಬಸ್ಸಿನಲ್ಲಿ ಕೆಟ್ಟ ಅನುಭವ ಆಗುತ್ತೆ. ಮೊದಲ ಕಾಮೆಂಟೇ "ಒದೀಬೇಕಿತ್ತು". ಎರಡನೇದು "ಕರಾಟೆ ಕಲಿತಿದಾಳಲ್ಲ, ಏನು ಪ್ರಯೋಜನ". ಇದನ್ನ ಬರೆಯೋರು ಯಾವತ್ತಾದ್ರೂ ನಿಜವಾದ ಭಯ ನೋಡಿದಾರಾ? ಭಯಕ್ಕೆ ದೇಹ ಕೊಡೋ ಉತ್ತರ ಹೊಡೆಯೋದು, ಓಡೋದು ಎರಡೇ ಅಲ್ಲ. ಕಲ್ಲಾಗಿ ನಿಲ್ಲೋದೂ ಒಂದು ಉತ್ತರ. ಬಾಯಿ ಬರಲ್ಲ, ಕೈ ಏಳಲ್ಲ. ಅದು ಮನಸ್ಸಿನ ತೀರ್ಮಾನ ಅಲ್ಲ, ದೇಹದ್ದು. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೂ ಆಗಬಹುದು, ಆದವರಿಗೆ ಅದರಲ್ಲಿ ಒಂದು ಚೂರೂ ತಪ್ಪಿಲ್ಲ.

ಅದಕ್ಕೇ ಶೀರ್ಷಿಕೆಯನ್ನ ಹುಷಾರಾಗಿ ಓದಿ. ನಿಮ್ಮ ಕೈಗೆ ನೀವು ಜವಾಬ್ದಾರರು. ಇನ್ನೊಬ್ಬನ ಕೈಗೆ ಅಲ್ಲ. ಅವನ ಕೈ ಎಲ್ಲಿಗೆ ಹೋಯ್ತೋ ಅದಕ್ಕೆ ಅವನೊಬ್ಬನೇ ಹೊಣೆ. ಸ್ವರಕ್ಷಣೆ ಕಲಿಯೋದು ನಿಮಗಿರೋ ದಾರಿಗಳ ಸಂಖ್ಯೆ ಹೆಚ್ಚು ಮಾಡ್ಕೊಳ್ಳೋಕೆ, ಕಲಿಯದವರ ಮೇಲೆ ತಪ್ಪು ಹೊರಿಸೋಕಲ್ಲ.

ಇನ್ನೊಂದು ಮಾತು. ವಿನಯವನ್ನೇ ಹಗ್ಗ ಮಾಡಿ ನಿಮ್ಮನ್ನ ಕಟ್ಟೋರೂ ಇರ್ತಾರೆ. ಗುರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು ಅನ್ನೋದು ವಿನಯ ಅಲ್ಲ. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತುತ್ತಿದ್ರೂ "ಇನ್ನೊಂದು ರೌಂಡ್ ಆಡು" ಅಂದ್ರೆ ಆಗಲ್ಲ ಅನ್ನಿ, ಡಾಕ್ಟರ್ ಹತ್ರ ಹೋಗಿ. ಕಲಿಸೋ ನೆಪದಲ್ಲಿ ಮುಟ್ಟಬಾರದ ಕಡೆ ಮುಟ್ಟಿದ್ರೆ, ಎಷ್ಟೇ ದೊಡ್ಡ ಬೆಲ್ಟ್ ಇರಲಿ, ಕ್ಲಾಸ್ ಬಿಟ್ಟು ಬನ್ನಿ, ಮನೆಯಲ್ಲಿ ಹೇಳಿ. 18 ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಪೋಕ್ಸೋ ಕಾಯ್ದೆ ಇದೆ. ಮಹಿಳೆಯರಿಗೆ 181, ಯಾವುದೇ ತುರ್ತಿಗೆ 112. ಡೋಜೋ ಬಾಗಿಲಲ್ಲಿ ನಾವು ಬಗ್ಗೋದು ಕಲೆಗೆ, ಜೊತೆಗೆ ಕಲಿಯೋರಿಗೆ. ತಪ್ಪು ಮಾಡೋರಿಗೆ ಬಗ್ಗಬೇಕಾಗಿಲ್ಲ.

8/8

ಹಾಗಾದ್ರೆ ಏನು ಮಾಡೋಣ? ನಾಳೆಯಿಂದಲೇ ಮಾಡಬಹುದಾದ್ದು ಹೇಳಿ ಮುಗಿಸ್ತೀನಿ.

ಕ್ಲಾಸ್ ಹುಡುಕೋವಾಗ ಟ್ರೋಫಿ ಎಣಿಸ್ಬೇಡಿ. ಒಂದು ಮೂಲೆಯಲ್ಲಿ ಕೂತು ಅಲ್ಲಿಯ ಸೀನಿಯರ್‌ಗಳು ಹೊಸಬರ ಜೊತೆ ಹೇಗಿರ್ತಾರೆ ನೋಡಿ. ಪೆಟ್ಟಾದಾಗ ಅಭ್ಯಾಸ ನಿಲ್ಲಿಸ್ತಾರಾ, ನಗ್ತಾರಾ ನೋಡಿ. ಸಾಕಷ್ಟು ಉತ್ತರ ಅಲ್ಲೇ ಸಿಗುತ್ತೆ.

ಅಭ್ಯಾಸದಲ್ಲಿ ಬೇಗ ಟ್ಯಾಪ್ ಮಾಡಿ, ಅದಕ್ಕಿಂತ ಬೇಗ ಬಿಡಿ. ಎದುರಿಗಿರೋರು ನಿಮಗಿಂತ ಹಗುರ ಇದ್ರೆ ನಿಮ್ಮ ಬಲವನ್ನ ಅರ್ಧ ಮನೇಲಿಟ್ಟು ಬನ್ನಿ, ಟೆಕ್ನಿಕ್ ಮಾತ್ರ ತನ್ನಿ. ಅಭ್ಯಾಸ ಮುಗಿದ ಮೇಲೆ "ಎಲ್ಲಾದ್ರೂ ನೋವಾಯ್ತಾ?" ಅಂತ ಕೇಳಿ. ಮ್ಯಾಟ್ ಒರೆಸೋ ಕೆಲಸ ಜೂನಿಯರ್‌ಗಳದ್ದು ಮಾತ್ರ ಅಂತ ಯಾರೂ ಬರೆದಿಟ್ಟಿಲ್ಲ.

ಹೊರಗಡೆ ಜಗಳ ಹತ್ತಿರ ಬಂದ್ರೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇಲ್ಲಿಂದ ಹೋಗೋಕೆ ದಾರಿ ಇದೆಯಾ? ಇದ್ರೆ ಹೋಗಿ. ಓಡಲೇಬೇಕು ಅಂತ ಕಾನೂನು ನಿಮ್ಮನ್ನ ಒತ್ತಾಯ ಮಾಡಲ್ಲ, ಆದ್ರೆ ನಾನು ಮಾಡ್ತೀನಿ. ದಾರಿ ಇಲ್ಲದಿದ್ರೆ, ಅಥವಾ ನಿಮ್ಮ ಹಿಂದೆ ಕಾಪಾಡಬೇಕಾದವರು ಇದ್ರೆ, ಕಲಿತಿದ್ದನ್ನೆಲ್ಲ ಬಳಸಿ. ದಾರಿ ತೆರೆದ ಕ್ಷಣ ನಿಲ್ಲಿಸಿ, ಹೊರಡಿ, 112ಗೆ ಫೋನ್ ಮಾಡಿ. ಬಿದ್ದವನಿಗೂ ಆಂಬುಲೆನ್ಸ್ ಬೇಕಾಗಬಹುದು, ಅದನ್ನೂ ಹೇಳಿ. ಹೊಡೆದ ಕೈಯಿಂದಲೇ ಫೋನ್ ಮಾಡೋದು, ನಾನು ಹೇಳ್ತಿರೋ ಜವಾಬ್ದಾರಿ ಅಂದ್ರೆ ಅಷ್ಟೇ.

ನಿಮ್ಮ ಗ್ಯಾಂಗಿನಲ್ಲಿ ಯಾರಾದ್ರೂ "ನೀನು ಬ್ಲ್ಯಾಕ್ ಬೆಲ್ಟ್ ಅಲ್ವಾ, ತೋರ್ಸು ನೋಡೋಣ" ಅಂದ್ರೆ ನಕ್ಕು ಸುಮ್ಮನಾಗಿ. ತುಂಬಿದ ಕೊಡ ತುಳುಕಲ್ಲ. ಗೊತ್ತಿರೋದನ್ನ ತೋರಿಸದೆ ಇರೋದಕ್ಕೂ ಅಭ್ಯಾಸ ಬೇಕು, ಅದಕ್ಕೆ ಯಾರೂ ಬೆಲ್ಟ್ ಕೊಡಲ್ಲ ಅಷ್ಟೇ.

ಕಾಮೆಂಟ್‌ನಲ್ಲಿ ಒಂದು ಹೇಳಿ: ನಿಮಗೆ ಮೈ ಸಾಲ ಕೊಟ್ಟು ಕಲಿಸಿದ ಪಾರ್ಟ್‌ನರ್ ಯಾರು? ಅವರನ್ನ ಇಲ್ಲಿ ಟ್ಯಾಗ್ ಮಾಡಿ, ಒಂದು ಥ್ಯಾಂಕ್ಸ್ ಹೇಳಿ. ಎಷ್ಟೋ ದಿನದಿಂದ ಬಾಕಿ ಇರೋ ಸಾಲ ಅದು.

#ಸ್ವರಕ್ಷಣೆ #ಕರಾಟೆ #ಜೂಡೋ #ಗರಡಿಮನೆ #ಕನ್ನಡದಲ್ಲಿ